ಎದೆಮಟ್ಟದ ಮೊಳೆ

ಊರೊಳಗಿನ ಹುಣಸೆಮರವನ್ನು ಬಳ್ಳಾರಿಯ ಸಾಮಿಲ್‌ನವರು ಕೊಯ್ದುಕೊಡುವುದಿಲ್ಲ. ಹೊಲದ ಹುಣಸೆಯಾದರೆ ಇಳಿಸಿ ಅನ್ನುತ್ತಾರೆ, ಊರ ಹುಣಸೆ ಅಂದ ಕೂಡಲೇ ಕೈ ಅಡ್ಡ ಆಡಿಸುತ್ತಾರೆ. ಒಳಗೆ ಮೊಳೆ ಇರುತ್ತದೆ, ಮೊಳೆ ತಗುಲಿದರೆ ಬ್ಲೇಡು ಹೋಯಿತು. ಮೊಳೆ ಯಾಕೆ ಇರುತ್ತದೆ ಎಂದು ಅವರೂ ಹೇಳುವುದಿಲ್ಲ, ದಿಮ್ಮಿ ತಂದವನೂ ಕೇಳುವುದಿಲ್ಲ. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತು. ಗಾಳಿ ಸೋಕಿದೆ ಎಂದು ಹೆಣ್ಣುಮಕ್ಕಳನ್ನು ತಂದು ಮರಕ್ಕೆ ಆನಿಸಿ ನಿಲ್ಲಿಸಿ, ಒಂದು ಹಿಡಿ ಕೂದಲನ್ನು ಮೊಳೆಗೆ ಸುತ್ತಿ, ತಲೆಯ ಮಟ್ಟಕ್ಕೆ ಆ ಮೊಳೆಯನ್ನು ಮರಕ್ಕೆ ಹೊಡೆಯುತ್ತಿದ್ದರು. ಆಮೇಲೆ ಕೂದಲು ಕತ್ತರಿಸಿ ಆಕೆಯನ್ನು ಬಿಡಿಸಿಕೊಂಡು ಹೋಗುವುದು. ಗಾಳಿ ಮರದಲ್ಲಿ ಉಳಿಯಿತು, ಹೆಂಗಸು ಮನೆಗೆ ಬಂದಳು ಎಂದು ಲೆಕ್ಕ.

ನಮ್ಮೂರು ಕರೂರಿನ ಅಂಥ ಮರವೊಂದರಲ್ಲಿ ನನ್ನ ಅಕ್ಕನ ಮೊಳೆಯೂ ಇತ್ತು. ಆಕೆ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಹೊಡೆಸಿದ್ದು, ನಾನಿನ್ನೂ ಹುಟ್ಟಿರಲಿಲ್ಲ. ಆಕೆ ಆಗಾಗ ಬೀಳುತ್ತಿದ್ದದ್ದು ಮೂರ್ಛೆ ರೋಗದಿಂದ ಎಂದು ಬಳ್ಳಾರಿಯ ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟದ್ದು ಎಷ್ಟೋ ವರ್ಷಗಳ ಮೇಲೆ. ಮಾತ್ರೆ ಶುರುವಾದ ಮೇಲೆ ಅಕ್ಕ ಒಮ್ಮೆಯೂ ಬಿದ್ದಿಲ್ಲ. ಊರಲ್ಲೇ ಬ್ಲೌಸು ಹೊಲಿದುಕೊಂಡು ಚೆನ್ನಾಗಿಯೇ ಇದ್ದಳು. ಆದರೂ ಕರೂರಿನವರು ಗುರುತು ಹೇಳುವಾಗ ಟೇಲರಮ್ಮ ಅನ್ನುತ್ತಿರಲಿಲ್ಲ, ಮೊಳಿ ಹೊಡಸ್ಕೊಂಡಾಕಿ ಅನ್ನುತ್ತಿದ್ದರು.

ರಸ್ತೆ ಅಗಲ ಮಾಡುವವರು ಆ ಮರ ತೆಗೆದರು. ಕೊಡಲಿ ಹಾಕಲು ಕೂಲಿಯವರು ಒಪ್ಪದ್ದಕ್ಕೆ ಜೆಸಿಬಿಯಲ್ಲಿ ಬೇರುಸಮೇತ ಎತ್ತಿ ಕೆಡವಿದರು. ಕೊಂಬೆಗಳೆಲ್ಲ ಇಟ್ಟಿಗೆ ಭಟ್ಟಿಗೆ ಹೋದವು, ಬುಡದ ದಿಮ್ಮಿ ಮಾತ್ರ ಯಾರಿಗೂ ಬೇಡವಾಗಿ ರಸ್ತೆ ಪಕ್ಕ ಬಿದ್ದಿತ್ತು. ಅದೇ ವಾರ ಅಕ್ಕ ಮಾತ್ರೆ ಬಿಟ್ಟಳು. ನನಗೆ ಸುದ್ದಿ ಮುಟ್ಟಿದಾಗ ಸಿಟ್ಟು ನೆತ್ತಿಗೇರಿತು, ಬಳ್ಳಾರಿಯ ಬ್ರೂಸ್‌ಪೇಟೆಯ ನನ್ನ ಅಂಗಡಿಗೆ ಬೀಗ ಹಾಕಿ ಕರೂರಿಗೆ ಓಡಿದೆ. ಮಾತ್ರೆ ಬಿಟ್ಟರೆ ಏನಾಗುತ್ತದೆ ಗೊತ್ತೇ ಎಂದು ಬಾಯಿಗೆ ಬಂದಂತೆ ಬೈದೆ. ಆಕೆ ಮಿಷನ್ನಿನಿಂದ ಕಾಲು ತೆಗೆಯದೆ ಕೇಳಿಸಿಕೊಂಡಳು.

"ಮಾತ್ರಿ ನನಗ ನಾಟತಿದ್ದದ್ದು ಮರ ಇತ್ತು ಅಂತ, ತಮ್ಮಾ. ಮರಾನ ಹೋತು. ಇನ್ನ ಮಾತ್ರಿ ಏನ್ ಮಾಡ್ತಾವ?"

ವಾದ ಮಾಡಿ ಪ್ರಯೋಜನವಿರಲಿಲ್ಲ. ಆ ದಿಮ್ಮಿಯನ್ನು ನಿನ್ನ ಕಣ್ಣ ಮುಂದೆ ಸೀಳಿ, ಒಳಗೆ ಕಟ್ಟಿಗೆ ಬಿಟ್ಟರೆ ಏನೂ ಇಲ್ಲವೆಂದು ತೋರಿಸಿ, ನಿನ್ನ ಮೊಳೆಯನ್ನು ನಿನ್ನ ಕೈಗೇ ಕೊಡುತ್ತೇನೆ, ಆಗ ಮಾತ್ರೆ ತಗೊಳ್ಳುತ್ತೀಯಾ ಎಂದು ಕೇಳಿದೆ. ಆಕೆ ಒಂದು ಕರಾರು ಹಾಕಿದಳು.

"ನೀ ಒಬ್ಬನ ಕೊಯ್ದ್ರ ಒಪ್ಪಂಗಿಲ್ಲ. ನೀ ನನ್ ತಮ್ಮ, ಅಂಜಿದ್ರೂ ತೋರ್ಸಂಗಿಲ್ಲ. ನಾಕು ಮಂದಿ ತಿಳದೋರು ಕೈ ಹಚ್ಚಬೇಕು. ಅವ್ರು ಅಂಜಲಿಲ್ಲಂದ್ರ ನಾನೂ ಅಂಜಂಗಿಲ್ಲ."

ತಿಳಿದವರು ನಾಲ್ಕು ಮಂದಿ ನನ್ನ ಬಳಿ ಇದ್ದರು. ನನ್ನದು ಮರ ಕೊಯ್ಯುವ ಚೈನ್‌ಸಾ ಮಷಿನ್‌ಗಳ ರಿಪೇರಿ ಅಂಗಡಿ. ಕೆಲಸಕ್ಕೆ ಮಷಿನ್ ಇಟ್ಟುಕೊಂಡವರ ಜೊತೆಗೆ ಹವ್ಯಾಸಕ್ಕೆ ಇಟ್ಟುಕೊಂಡವರೂ ಬರುತ್ತಾರೆ, ಮತ್ತು ನಿಜ ಹೇಳಬೇಕೆಂದರೆ ಹವ್ಯಾಸದವರ ಮಷಿನ್‌ಗಳೇ ದೊಡ್ಡವು. ಅವರದೊಂದು ವಾಟ್ಸಾಪ್ ಗುಂಪಿದೆ. ಬಿದ್ದ ಮರ, ಕಡಿದ ಮರ, ಸೀಳಿದ ಹಲಗೆ, ಎಲ್ಲದರ ಫೋಟೊ ಬೆಳಗಾದರೆ ಅದರಲ್ಲಿ ಬಂದು ಬೀಳುತ್ತದೆ. ಆಗಾಗ ಶನಿವಾರ ಭಾನುವಾರ ಕುರುಗೋಡಿನ ಒಂದು ತೋಟದಲ್ಲಿ ಸೇರಿ, ಎಲ್ಲರೂ ಒಂದೊಂದು ದಿಮ್ಮಿ ತಂದು ಹಲಗೆ ಸೀಳುತ್ತಾರೆ. ನಾನು ಅವರ ಚೈನ್‌ಗಳಿಗೆ ಅರ ಹಾಕಿ ಹರಿತ ಮಾಡಿಕೊಡಲು ಹೋಗುವವನು. ಅವರ ಲೆಕ್ಕದಲ್ಲಿ ನಾನೂ ಗುಂಪಿನವನೇ, ಊಟವೂ ಜೊತೆಯಲ್ಲೇ.

ಕರೂರಿನ ದಿಮ್ಮಿಯ ವಿಷಯ ಹೇಳಿದಾಗ ಗುಂಪಿನ ಸಂಚಾಲಕರು ಕುಣಿದಾಡಿಬಿಟ್ಟರು. ಅವರು ಸಿರುಗುಪ್ಪದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು, ಕುರುಗೋಡಿನ ತೋಟ ಅವರದೇ. ಅಷ್ಟು ದಪ್ಪದ ಹುಣಸೆ ಈ ಜನ್ಮದಲ್ಲಿ ಸಿಗುವುದಿಲ್ಲ, ಊಟದ ಟೇಬಲ್ಲಿಗೆ ಒಂದೇ ಹಲಗೆ ಬರುತ್ತದೆ ಎಂದರು. ಮೊಳೆ ಇವೆ ಎಂದು ಮೊದಲೇ ಹೇಳಿದೆ. ಅಕ್ಕನ ವಿಷಯವನ್ನೂ ಮುಚ್ಚಿಡಲಿಲ್ಲ. ಉಕ್ಕಿನ ಕಾರ್ಖಾನೆಯ ಇಂಜಿನಿಯರ್ ಒಬ್ಬರು ತಮ್ಮ ಬಳಿ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಇದೆ, ಚೈನ್ ಓಡುವ ಪಟ್ಟಿ, ಅಂದರೆ ಬಾರ್, ಮೂರಡಿ ಇರುವ ಮಷಿನ್ ಇದೆ, ಮೂಢನಂಬಿಕೆಗೆ ಇದಕ್ಕಿಂತ ಒಳ್ಳೆ ಉತ್ತರ ಬೇರೆ ಇಲ್ಲ ಎಂದು ಬರೆದರು. ಕಂಟೋನ್ಮೆಂಟಿನ ಹಲ್ಲಿನ ಡಾಕ್ಟರರು ಚಪ್ಪಾಳೆಯ ಚಿತ್ರ ಹಾಕಿದರು. ನನಗೆ ಎದೆ ತುಂಬಿ ಬಂತು.

ಅರಣ್ಯ ಇಲಾಖೆಯ ಕಾಗದಪತ್ರ ಮುಗಿಸಿ, ಟ್ರ್ಯಾಕ್ಟರಿನಲ್ಲಿ ದಿಮ್ಮಿ ಹೇರಿ ಕುರುಗೋಡಿಗೆ ಸಾಗಿಸಿದೆ. ಜೆಸಿಬಿ ಕೆಡವಿದ್ದರಿಂದ ಬೇರಿನ ಗಂಟು ಹಾಗೇ ಇತ್ತು, ಮಣ್ಣು ಎಲ್ಲಿಯವರೆಗಿತ್ತು ಎಂಬ ಗೆರೆಯೂ ಸ್ಪಷ್ಟವಾಗಿ ಕಾಣುತ್ತಿತ್ತು.

ಶನಿವಾರ ಬೆಳಿಗ್ಗೆ ತೋಟದ ತುಂಬ ಹೊಗೆ, ಪೆಟ್ರೋಲ್ ವಾಸನೆ. ಒಬ್ಬರು ಬೇವು ಸೀಳುತ್ತಿದ್ದರು, ಇನ್ನೊಬ್ಬರು ಬಳ್ಳಾರಿ ಜಾಲಿಯ ಸೊಟ್ಟ ಬುಡದಲ್ಲಿ ಸ್ಟೂಲು ಹುಡುಕುತ್ತಿದ್ದರು. ನಮ್ಮ ದಿಮ್ಮಿಗೆ ಇಂಜಿನಿಯರ್ ಡಿಟೆಕ್ಟರ್ ಹಿಡಿದರು. ಬುಡದ ಕಡೆ ಅದು ತುಟಿ ಬಿಚ್ಚಲಿಲ್ಲ. ಆಳೆತ್ತರ ದಾಟಿದ ಮೇಲೆ, ಏಳೆಂಟು ಅಡಿಯ ಹತ್ತಿರ, ಒಂದೇ ಸಮ ಕೂಗಿತು. ಹೊಡೆದಾಗ ತಲೆಯ ಮಟ್ಟದಲ್ಲಿದ್ದ ಮೊಳೆ ಮರದ ಜೊತೆ ಬೆಳೆದು ಮೇಲೆ ಹೋಗಿದೆ ಎಂದು ಅವರು ತೀರ್ಮಾನ ಕೊಟ್ಟರು. ನಾನೂ ತಲೆಯಾಡಿಸಿದೆ. ನನಗೆ ಗೊತ್ತಿರುವುದು ಮಷಿನ್, ಮರವಲ್ಲ. ಮಗು ಬೆಳೆದ ಹಾಗೆ ಮರವೂ ಕೆಳಗಿನಿಂದ ಎದ್ದು ನಿಲ್ಲುತ್ತದೆ ಎಂದೇ ನಾನು ತಿಳಿದಿದ್ದೆ.

ಆ ತೀರ್ಮಾನದ ಮೇಲೆ ದಿಮ್ಮಿಯನ್ನು ಅಡ್ಡ ಕೊಯ್ದು ಎರಡು ಮಾಡಿದೆವು. ಬುಡದ ತುಂಡು ಶುದ್ಧ, ಅದು ಸಂಚಾಲಕರ ಟೇಬಲ್ಲಿಗೆ. ಮೇಲಿನ ತುಂಡು ನನಗೆ, ಅಂದರೆ ಅಕ್ಕನಿಗೆ. ಮಧ್ಯಾಹ್ನದ ಮೇಲೆ ಮೇಲಿನ ತುಂಡನ್ನು ಬಿಚ್ಚಿದೆವು. ಅದರಲ್ಲಿ ಸಿಕ್ಕ ಮೊಳೆಗಳನ್ನೆಲ್ಲ ನಾನು ಒಂದು ಸ್ಟೀಲಿನ ಬಟ್ಟಲಿನಲ್ಲಿ ಜೋಪಾನವಾಗಿ ತೆಗೆದಿಟ್ಟೆ. ತೆಳುವಾದ ಮೊಳೆಗಳು, ಒಂದೆರಡು ಕಡೆ ಕಟ್ಟುತಂತಿ. ಕೂದಲು ಯಾವುದಕ್ಕೂ ಇರಲಿಲ್ಲ. ಇಷ್ಟು ವರ್ಷಕ್ಕೆ ಕೊಳೆತಿರಬೇಕು ಎಂದುಕೊಂಡೆ. ನೋಡ್ರಿ ಮೇಸ್ತ್ರಿ, ಇಷ್ಟಕ್ಕ ಊರೆಲ್ಲ ಅಂಜತೈತಿ ಎಂದು ಸಂಚಾಲಕರು ನಕ್ಕರು. ಎಲ್ಲರೂ ಬಟ್ಟಲಿನ ಜೊತೆ ಫೋಟೊ ತೆಗೆಸಿಕೊಂಡರು.

ಭಾನುವಾರ ಅಕ್ಕ ಕರೂರಿನಿಂದ ಬಸ್ಸು ಬದಲಿಸಿಕೊಂಡು ಬಂದಳು. ಅಳತೆ ಟೇಪು ಕೊರಳಲ್ಲೇ ಇತ್ತು, ಮನೆಯಿಂದ ಹೊರಡುವಾಗ ತೆಗೆಯಲು ಮರೆತಿದ್ದಳು. ಅಷ್ಟು ಹೊತ್ತಿಗೆ ಇಂಜಿನಿಯರ್ ಬುಡದ ತುಂಡಿನ ಮೇಲೆ ಅಲ್ಯೂಮಿನಿಯಂ ಏಣಿ ಬಿಗಿದು ಕೂರಿಸಿ, ಅದರ ಆಧಾರದ ಮೇಲೆ ಮಷಿನ್ ನೂಕುತ್ತ ಮೊದಲ ಹಲಗೆ ಸೀಳಲು ಶುರುಮಾಡಿದ್ದರು. ಮರ ನಿಂತಿದ್ದಾಗ ಊರ ದಾರಿಯ ಕಡೆಗಿದ್ದ ಮೈ ಈಗ ಮೇಲಾಗಿತ್ತು. ನಾನು ಹೆಮ್ಮೆಯಿಂದ ಬಟ್ಟಲನ್ನು ಅಕ್ಕನ ಕೈಗೆ ಕೊಟ್ಟೆ. ಆಕೆ ಒಂದು ಮೊಳೆ ಎತ್ತಿ ತಿರುಗಿಸಿ ನೋಡಿ, ಮತ್ತೆ ಬಟ್ಟಲಿಗೆ ಹಾಕಿದಳು.

"ಇವು ಫ್ಲೆಕ್ಸ್ ಮೊಳಿ ಅಲ್ಲೇನು? ಎಲೆಕ್ಷನ್ದಾಗ ಏಣಿ ಹಚ್ಚಿ ಹೊಡಿತಾರಲ್ಲ, ಅವು."

ಮರ ಬೆಳೆದು ಮೊಳೆ ಮೇಲೆ ಹೋಗಿದೆ ಎಂದು ನಾನು ಆಕೆಗೆ ಪಾಠ ಹೇಳಲು ಹೋದೆ.

"ಅದು ಎಲ್ಲಿ ಮ್ಯಾಲ ಹೋಗತೈತಿ? ದಿನಾ ನೀರಿಗೆ ಹೋಗುವಾಗ ನೋಡ್ತಿದ್ದೆ. ಮೊದಲು ನನ್ನ ಹಣಿ ಮಟ ಇತ್ತು. ಆಮ್ಯಾಲ ಕುತಿಗಿ ಮಟ. ಎದಿ ಮಟ ಬಂದ ವರ್ಷ ತೊಗಟಿ ಅದನ್ನ ನುಂಗಿತು. ಅದು ಅಲ್ಲೇ ಇತ್ತು ತಮ್ಮಾ, ಬೆಳದಾಕಿ ನಾನು."

ನಾನು ಇಂಜಿನಿಯರ್ ಕಡೆ ತಿರುಗಿ ಕೈ ಎತ್ತುವಷ್ಟರಲ್ಲಿ ಕಿಡಿ ಹಾರಿತು. ಚೈನ್ ಕಿರುಚಿ ನಿಂತಿತು. ಐದಡಿಯ ಮಟ್ಟ, ದೊಡ್ಡ ಹೆಂಗಸಿನ ತಲೆಯ ಎತ್ತರ. ಡಿಟೆಕ್ಟರ್ ನೋಡುವುದು ಎರಡು ಬೆರಳಿನ ಆಳ ಮಾತ್ರ, ಮೊಳೆಗಳು ಅದಕ್ಕಿಂತ ಒಳಗೆ ತಣ್ಣಗೆ ಕುಳಿತಿದ್ದವು.

ಬೆಣೆ ಹೊಡೆದು ಸೀಳು ಅಗಲಿಸಿ, ಉಳಿಯಿಂದ ಕೆತ್ತಿ ಆ ಮೊಳೆಯನ್ನು ಎತ್ತಿದೆ. ಕಮ್ಮಾರ ಬಡಿದು ಮಾಡಿದ ಚೌಕ ಮೊಳೆ. ಒಳಗೆ ಸಿಕ್ಕಿಬಿದ್ದ ತೊಗಟೆಯ ಜೊತೆ, ಅದರ ಕುತ್ತಿಗೆಗೆ ಸುತ್ತಿದ ಕೂದಲು ಹಾಗೇ ಇತ್ತು. ಉದ್ದದ, ಕಪ್ಪು ಕೂದಲು, ಯಾವ ಹೆಂಗಸಿನದೋ. ಹಲ್ಲಿನ ಡಾಕ್ಟರರು ನೋಡಲೆಂದು ಕೈ ಚಾಚಿದವರು, ಏನೆಂದು ತಿಳಿದ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು. ಅವರು ಅದನ್ನು ಮುಟ್ಟಿಯೂ ಇರಲಿಲ್ಲ.

ಇಂಜಿನಿಯರ್ ಮೊದಲು ಚೈನ್ ಹಾಳಾಯಿತು ಎಂದರು. ನನ್ನ ಬಳಿ ಹೊಸ ಚೈನ್ ಇದೆ, ಈಗಲೇ ಹಾಕಿಕೊಡುತ್ತೇನೆ ಎಂದೆ. ಬಾರ್ ಬಿಸಿಯಾಗಿದೆ ಎಂದರು. ಆರಲಿ, ಕಾಯೋಣ ಎಂದೆ. ಆಗ ಹೆಲ್ಮೆಟ್ ತೆಗೆದು, ನನ್ನನ್ನು ಒಂದು ಪಕ್ಕಕ್ಕೆ ಕರೆದು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಎಂದು ಮೆಲ್ಲಗೆ ಹೇಳಿದರು. ಬೇವು ಸೀಳುತ್ತಿದ್ದವರ ಮಷಿನ್ ನಿಂತಿತು. ಜಾಲಿಯವರದೂ ನಿಂತಿತು. ಸಂಚಾಲಕರು ತೋಟದ ಮನೆಯಿಂದ ತೆಂಗಿನಕಾಯಿ, ನಿಂಬೆಹಣ್ಣು, ಕರ್ಪೂರ ತರಿಸಿ ದಿಮ್ಮಿಯ ಮುಂದೆ ಹಚ್ಚಿಸಿದರು. ನಿನ್ನೆ ಬಟ್ಟಲಿನ ಜೊತೆ ಫೋಟೊ ತೆಗೆಸಿಕೊಂಡವರೆಲ್ಲ ಚಪ್ಪಲಿ ಬಿಟ್ಟು ಕೈ ಮುಗಿದರು.

"ಮೇಸ್ತ್ರಿ, ಇಲ್ಲಿಗೆ ಬಿಡೋಣ್ರಿ," ಎಂದರು ಸಂಚಾಲಕರು. "ನಾವು ಇವನ್ನೆಲ್ಲ ನಂಬಂಗಿಲ್ಲ, ಆದ್ರ ಸುಮ್ಮನ ಯಾಕ ಕೆಣಕೋದು? ನಿಮ್ಮ ಅಕ್ಕಾರನ್ನ ಸ್ವಲ್ಪ ಆ ಕಡಿ ಕುಂದ್ರಸ್ರಿ. ಇಲ್ಲಿ ಮಂದಿ ಅದಾರ."

ಅಕ್ಕ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ತಿಳಿದವರು ಅಂಜದಿದ್ದರೆ ತಾನೂ ಅಂಜುವುದಿಲ್ಲ ಎಂದು ಹೇಳಿ ಬಂದವಳು. ಅವಳು ನಿಂತಿದ್ದ ಕಡೆ ಮಂದಿ ತಾವಾಗಿಯೇ ಸರಿದು ಜಾಗ ಖಾಲಿಯಾಗಿತ್ತು. ಹಳ್ಳಿಯಲ್ಲಿ ಇದು ಆಗಿದ್ದರೆ ಬೇಜಾರಾಗುತ್ತಿತ್ತು ಅಷ್ಟೇ. ಕಿವಿಗೆ, ಕಣ್ಣಿಗೆ, ಕಾಲಿಗೆ ರಕ್ಷಣೆ ಹಾಕಿಕೊಂಡು ನಿಂತ ಈ ಗಂಡಸರು ಹಿಡಿ ಕೂದಲಿಗೆ ಹಿಂದೆ ಸರಿದದ್ದು ನನ್ನ ಹೊಟ್ಟೆ ಉರಿಸಿತು. ನಾನೇ ಆಕೆಯನ್ನು ಇಲ್ಲಿಗೆ ಕರೆಸಿದ್ದೆ. ಮಾತ್ರೆ ತಗೋ ಎಂದು ಇನ್ನು ಯಾವ ಬಾಯಲ್ಲಿ ಹೇಳಲಿ? ಕರ್ಪೂರ ಇನ್ನೂ ಉರಿಯುತ್ತಿತ್ತು.

ಟ್ರ್ಯಾಕ್ಟರ್ ಕರೆಸಿ ದಿಮ್ಮಿ ವಾಪಸು ಹೇರಿಬಿಡಬಹುದಿತ್ತು. ಸಂಚಾಲಕರು ಅದನ್ನೇ ಹೇಳುತ್ತಿದ್ದರು. ನಾನು ಹಾಗೆ ಮಾಡದೆ ಗಾಡಿಯಿಂದ ಅಂಗಡಿಯ ಹಳೆ ಮಷಿನ್ ಇಳಿಸಿದೆ. ಅದರ ಬಾರ್ ಒಂದೂವರೆ ಅಡಿಯದು, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಇಂಜಿನಿಯರ್ ಅರ್ಧಕ್ಕೆ ಬಿಟ್ಟ ಸೀಳಿಗೇ ಅದನ್ನು ತೂರಿಸಿ, ಒಮ್ಮೆ ಈ ಬದಿಯಿಂದ ಒಮ್ಮೆ ಆ ಬದಿಯಿಂದ ಗೇಣು ಗೇಣು ಕೊಯ್ಯಬೇಕು, ಎರಡೂ ಕಡೆಯ ಸೀಳು ನಡುವೆ ಕೂಡಬೇಕು. ಹಿಂದೆ ಒಬ್ಬರು ಬೆಣೆ ಹೊಡೆಯುತ್ತ ಬರಬೇಕು, ಇಲ್ಲವಾದರೆ ಮೇಲಿನ ಹಲಗೆ ಕುಸಿದು ಬಾರನ್ನು ಕಚ್ಚಿಕೊಳ್ಳುತ್ತದೆ. ಒಬ್ಬರು ಬರ್ರಿ ಎಂದು ಕೇಳಿದೆ. ಎಲ್ಲರೂ ತಮ್ಮ ತಮ್ಮ ಮಷಿನ್ ಒರೆಸುವುದರಲ್ಲಿ ಮಗ್ನರಾದರು.

ಅಕ್ಕ ಬಂದು ಬೆಣೆ ಎತ್ತಿಕೊಂಡಳು. ಬೇಡ ಅನ್ನಲು ಬಾಯಿ ತೆರೆದೆ. ಮಾತ್ರೆ ಬಿಟ್ಟ ಮನುಷ್ಯಳನ್ನು ಓಡುವ ಚೈನಿನ ಹತ್ತಿರ ನಿಲ್ಲಿಸಿಕೊಳ್ಳುವುದು ತಪ್ಪು ಎಂದು ಗೊತ್ತಿತ್ತು, ಆದರೆ ಬೇರೆ ಕೈ ಇರಲಿಲ್ಲ. ಮಷಿನ್ ಓಡುವಾಗ ದೂರ ನಿಲ್ಲು, ನಾನು ನಿಲ್ಲಿಸಿದ ಮೇಲೆ ಬಂದು ಬೆಣೆ ಹೊಡಿ ಎಂದು ಕಟ್ಟುನಿಟ್ಟು ಮಾಡಿದೆ. ಆಕೆ ಅದಕ್ಕೂ ಮೊದಲು ಇನ್ನೊಂದು ಕೆಲಸ ಮಾಡಿದಳು. ಕೊರಳಿನ ಟೇಪು ತೆಗೆದು, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಮೆಟ್ಟಿ, ಇನ್ನೊಂದು ತುದಿಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದು ಅಳೆದಳು. ಅದೇ ಅಳತೆಯನ್ನು ದಿಮ್ಮಿಯ ಮಣ್ಣಿನ ಗೆರೆಯಿಂದ ಮೇಲಕ್ಕೆ ಇಟ್ಟು, ಬ್ಲೌಸಿಗೆ ಗುರುತು ಹಾಕುವ ಸುಣ್ಣದ ತುಣುಕಿನಿಂದ ತೊಗಟೆಯ ಮೇಲೆ ಒಂದು ಗೆರೆ ಎಳೆದಳು. ನಂತರ ಹಿಂದೆ ಸರಿದು ನಿಂತಳು.

ಹುಣಸೆಯ ರಸಕ್ಕೆ ಕಬ್ಬಿಣ ಕೂಡಿದರೆ ಕಟ್ಟಿಗೆ ಕಪ್ಪು ನೀಲಿಗೆ ತಿರುಗುತ್ತದೆ, ಮೊಳೆಯ ಮೇಲೂ ಕೆಳಗೂ ಗೇಣುದ್ದ. ಆದ್ದರಿಂದ ಚೈನ್ ಮೊಳೆಗೆ ಮುಟ್ಟುವ ಮುಂಚೆಯೇ ಪುಡಿಯ ಬಣ್ಣ ಬದಲಾಗುತ್ತದೆ. ನನಗೆ ಮಷಿನ್ ಹಿಡಿದಾಗ ಪುಡಿ ನೋಡಲು ಆಗುವುದಿಲ್ಲ. ಪುಡಿ ಕಪ್ಪಾದರೆ ಕೈ ಎತ್ತು ಎಂದು ಅಕ್ಕನಿಗೆ ಹೇಳಿದೆ. ಆಕೆ ಕೈ ಎತ್ತುವಳು, ನಾನು ನಿಲ್ಲಿಸುವೆನು. ಬೆಣೆ ಹೊಡೆದು, ಸೀಳಿನೊಳಗೆ ಕಬ್ಬಿಣ ಕೊಯ್ಯುವ ಬ್ಲೇಡು ತೂರಿಸಿ ಮೊಳೆಯನ್ನು ಕೈಯಲ್ಲೇ ತುಂಡು ಮಾಡಿ ಮತ್ತೆ ಮುಂದಕ್ಕೆ. ಚೈನ್ ಮೊಂಡಾದಾಗ ಅಲ್ಲೇ ಕುಳಿತು ಒಂದೊಂದು ಹಲ್ಲಿಗೂ ಅರ ಹಾಕಿದೆ. ಚಳಿಗಾಲದ ಬಿಸಿಲಾದರೂ ಬಳ್ಳಾರಿಯ ಬಿಸಿಲೇ, ಅಂಗಿ ಬೆನ್ನಿಗೆ ಅಂಟಿತು. ಉಳಿದವರು ಬೇವಿನ ನೆರಳಲ್ಲಿ ಕುಳಿತು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದರು. ನಮ್ಮಿಬ್ಬರಿಗೂ ಒಂದು ಪೊಟ್ಟಣ ಕಳಿಸಿದ್ದರು, ತಂದವನು ಅದನ್ನು ದೂರದ ಕಲ್ಲಿನ ಮೇಲಿಟ್ಟು ಹೋದ.

ಸುಣ್ಣದ ಗೆರೆಯ ಕೆಳಗೆ ಬಾರ್ ಬಂದಾಗ ಅಕ್ಕ ಕೈ ಎತ್ತಿದಳು. ಎತ್ತಿದ ಕೈ ಬಹಳ ಹೊತ್ತು ಇಳಿಸಲಿಲ್ಲ.

ಈ ಮೊಳೆಯನ್ನು ತುಂಡು ಮಾಡಲಿಲ್ಲ. ಮೇಲಿನಿಂದ ಉಳಿಯಲ್ಲಿ ಕೆತ್ತುತ್ತ ಹೋದೆ. ಹುಣಸೆಯ ಕೆಚ್ಚು ಕಲ್ಲಿಗೆ ಕಡಿಮೆಯಿಲ್ಲ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಚಕ್ಕೆ ಏಳುವುದೇ ಇಲ್ಲ. ಕೊನೆಗೆ ತಲೆ ಕಂಡಿತು. ಇಕ್ಕಳದಲ್ಲಿ ಹಿಡಿದು ಅಲುಗಿಸಿ ಅಲುಗಿಸಿ ಎಳೆದೆ. ಇದೂ ಚೌಕ ಮೊಳೆ, ಸ್ವಲ್ಪ ಬಾಗಿತ್ತು, ಕೂದಲು ಇರಲಿಲ್ಲ. ಅಕ್ಕ ಅಂಗೈ ಚಾಚಿದಳು, ಕೊಟ್ಟೆ. ತೂತಿನೊಳಗೆ ಬೆರಳು ಹಾಕಿ ನೋಡಿದಳು, ಬಗ್ಗಿ ಮೂಸಿ ನೋಡಿದಳು.

"ಬರೇ ಕಟ್ಟಿಗಿ," ಎಂದಳು.

ಹಲಗೆ ಪೂರ್ತಿ ಬಿಚ್ಚಿದಾಗ ಒಳಮೈ ತುಂಬ ಕಪ್ಪು ನೀಲಿ ಕಲೆಗಳು. ಹೆಚ್ಚಿನವು ಹೆಂಗಸರ ತಲೆಯ ಮಟ್ಟದಲ್ಲಿದ್ದವು, ಕೆಲವು ಹುಡುಗಿಯರ ಮಟ್ಟದಲ್ಲಿ. ಅಕ್ಕನದಕ್ಕಿಂತ ಕೆಳಗೆ ಇನ್ನೂ ಒಂದು ಇತ್ತು. ಆ ಎತ್ತರದ ಮಗು ಅಂಗನವಾಡಿಗೆ ಹೋಗುವ ವಯಸ್ಸಿನದು.

ಅಂದು ಸಂಜೆಯ ಬಸ್ಸು ಹತ್ತುವ ಮುನ್ನ ಅಕ್ಕ ಮಾತ್ರೆ ನುಂಗಿದಳು. ನಾನು ಗೆದ್ದೆ ಎಂದುಕೊಂಡೆ. ಆದರೆ ಬಿಟ್ಟ ಮಾತ್ರೆ ಮತ್ತೆ ರಕ್ತಕ್ಕೆ ಹತ್ತಲು ಸಮಯ ಬೇಕು, ಅದನ್ನು ಡಾಕ್ಟರು ಆಮೇಲೆ ಹೇಳಿದರು. ಅದೇ ವಾರ ಕರೂರಿನ ಕಿರಾಣಿ ಅಂಗಡಿಯ ಮುಂದೆ, ನಾಲ್ಕು ಮಂದಿಯ ಎದುರಿಗೆ, ಅಕ್ಕ ಬಿದ್ದಳು. ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ ಬಂತಂತೆ. ಎತ್ತಲು ಯಾರೂ ಮುಂದಾಗಲಿಲ್ಲವಂತೆ. ಮರ ಕೊಯ್ದರು, ಬಿಟ್ಟ ಗಾಳಿ ತಿರುಗಿ ಬಂತು, ಅಷ್ಟೇ ಊರಿನ ಲೆಕ್ಕ.

ಸುದ್ದಿ ಕುರುಗೋಡಿನ ಗುಂಪಿಗೂ ಮುಟ್ಟಿತು. ಇನ್ನು ಮುಂದೆ ಊರಮರಗಳನ್ನು ಯಾರೂ ತರಬಾರದು ಎಂದು ಸಂಚಾಲಕರು ಬರೆದರು. ಇಂಜಿನಿಯರ್ ಅದಕ್ಕೆ ಹೆಬ್ಬೆರಳು ಎತ್ತಿದರು. ಮಾತ್ರೆಯ ವಿಷಯ ನಾನು ಉದ್ದಕ್ಕೆ ಬರೆದೆ, ಓದಿದ ಗುರುತು ಎಲ್ಲರದೂ ಬಂತು, ಉತ್ತರ ಯಾರದೂ ಬರಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೆ ಹಲ್ಲಿನ ಡಾಕ್ಟರರು ಆ ಭಾನುವಾರ ದೂರದಿಂದ ತೆಗೆದ ಹಲಗೆಯ ಫೋಟೊ ಹಾಕಿದರು. ಎಂಥಾ ನೈಸರ್ಗಿಕ ಡಿಸೈನು, ಪಾಲಿಶ್ ಮಾಡಿದರೆ ಅರಮನೆಗೆ ಒಪ್ಪುತ್ತದೆ ಎಂದು ಬೇರೆ ಊರಿನ ಹೊಸ ಸದಸ್ಯರು ಹೊಗಳಿದರು. ಆ ಕಲೆ ಹೇಗೆ ಬರಿಸಬೇಕು ಎಂದು ಒಬ್ಬರು ಕೇಳಿದರು. ನಾನು ಗುಂಪಿನಿಂದ ಹೊರಬಂದೆ. ಅವರ ಮಷಿನ್‌ಗಳು ಈಗಲೂ ರಿಪೇರಿಗೆ ಬರುತ್ತವೆ, ಮಾಡಿಕೊಡುತ್ತೇನೆ. ಹಲಗೆ ಅಂಗಡಿಯ ಹಿಂದಿನ ಗೋಡೆಗೆ ಆನಿಸಿ ಇಟ್ಟಿದ್ದೇನೆ. ಮಾರುವುದಿಲ್ಲ, ಟೇಬಲ್ಲೂ ಮಾಡುವುದಿಲ್ಲ.

ಮೊನ್ನೆ ಕರೂರಿಗೆ ಹೋಗಿದ್ದೆ. ಅಕ್ಕ ಮಾತ್ರೆ ಬಿಟ್ಟಿಲ್ಲ, ಆಮೇಲೆ ಬಿದ್ದೂ ಇಲ್ಲ. ಬ್ಲೌಸು ಹೊಲಿಸುವವರು ಮಾತ್ರ ಈಗ ಹೊಸ್ತಿಲು ದಾಟುವುದಿಲ್ಲ, ಬಟ್ಟೆಯನ್ನು ಬಾಗಿಲಲ್ಲೇ ಇಟ್ಟು, ಅಳತೆಗೆ ಹಳೆ ಬ್ಲೌಸು ಕೊಟ್ಟು ಹೋಗುತ್ತಾರೆ. ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ಆಕೆ ತನ್ನ ಆ ಚೌಕ ಮೊಳೆಯನ್ನು ಬಡಿದು ನೆಟ್ಟಗೆ ಮಾಡಿ ಹೊಡೆದಿದ್ದಾಳೆ. ಅದಕ್ಕೆ ಮಾತ್ರೆಯ ಚೀಲ ತೂಗುಹಾಕಿದ್ದಾಳೆ. ಹೊರಗಿನವರಿಗೆ ಕಾಣುವ ಹಾಗೆ ಅದನ್ನು ಇಡುವುದು ಯಾಕೆ, ಕಿತ್ತು ನನಗೆ ಕೊಡು, ಕಾಲುವೆಗೆ ಎಸೆದುಬಿಡುತ್ತೇನೆ ಎಂದೆ. ಆಕೆ ಚೀಲ ಇಳಿಸಿ ಮಾತ್ರೆ ಬಿಡಿಸಿಕೊಂಡಳು, ನೀರು ಕುಡಿದಳು, ಮತ್ತೆ ಅಲ್ಲೇ ತೂಗುಹಾಕಿದಳು.

"ಹೊಡಿಯುವಾಗ ಊರೆಲ್ಲ ಕೂಡಿ ನನ್ನ ಹಿಡ್ಕೊಂಡಿತ್ತು, ತಮ್ಮಾ. ಕೀಳುವಾಗ ಒಬ್ಬರೂ ಬರಲಿಲ್ಲ. ಇದು ನಂದು, ಇಲ್ಲೇ ಇರ್ಲಿ."